ನಮ್ಮ ನಗರಕ್ಕೆ ಅಡ್ಡ ನಿಂತ ಎಮ್ಮೆ

ಪೇಟೆಯವಳಾಗಬೇಕೆಂಬ ನನ್ನ ಬಹುದಿನದ ಆಸೆಗೆ ಒಂದು ಎಮ್ಮೆ ಅಡ್ಡ ನಿಂತಿದೆ. ಇದನ್ನು ಮಾತಿನ ಚಂದಕ್ಕೆ ಹೇಳುತ್ತಿಲ್ಲ. ನಾನು ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಅದು ನಮ್ಮ ಗೇಟಿಗೆ ಅಡ್ಡ ನಿಂತು, ಸ್ಕೂಟಿಯ ಕನ್ನಡಿಗೆ ಕುತ್ತಿಗೆ ತಿಕ್ಕಿಕೊಳ್ಳುತ್ತದೆ. ಹಾರ್ನ್ ಹೊಡೆದರೆ ನನ್ನನ್ನೊಮ್ಮೆ ನೋಡಿ, ಸಗಣಿ ಹಾಕಿ, ಮತ್ತೆ ತಿಕ್ಕತೊಡಗುತ್ತದೆ.

ಚಿಕ್ಕೋಡಿಯ ಅಂಚಿನಲ್ಲಿ, ನಿನ್ನೆ ಮೊನ್ನೆಯವರೆಗೆ ಕಬ್ಬು ನಿಂತಿದ್ದ ಹೊಲದಲ್ಲಿ ನಮ್ಮ ಕಾಲೋನಿ ಎದ್ದಿದೆ. ಹೆಸರಿನ ಕೊನೆಗೆ ‘ನಗರ’ ಅಂತಲೂ ಇದೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನಗರ ಎಂದರೇನು ಎಂದು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತೇನೆ: ಹಲವು ಭಾಷೆ, ಹಲವು ಉದ್ಯೋಗ, ಏರುವ ಜನಸಂಖ್ಯೆ, ಪಕ್ಕದ ಮನೆಯವರ ಗುರುತಿಲ್ಲದ ಬದುಕು. ನಮ್ಮ ಓಣಿ ಎಲ್ಲದರಲ್ಲೂ ಪಾಸು. ಎದುರಿಗೆ ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಜಾಧವರು; ಮನೆಯೊಳಗೆ ಮರಾಠಿ, ಗೇಟಿನಾಚೆ ಕನ್ನಡ. ಅವರ ಬಲಕ್ಕೆ ಬೇಕರಿ ಇಟ್ಟವರ ಉರ್ದು ಮನೆ. ಎಡಕ್ಕೆ, ಮಕ್ಕಳ ಇಂಗ್ಲಿಷ್ ಮೀಡಿಯಂ ಸಲುವಾಗಿ ಐನಾಪುರದ ದ್ರಾಕ್ಷಿ ತೋಟವನ್ನು ಗಂಡನಿಗೆ ಬಿಟ್ಟು ಬಾಡಿಗೆಗೆ ಬಂದ ಹೆಣ್ಣುಮಗಳು. ತುದಿಯಲ್ಲಿ ಕೇರಳದ ನರ್ಸ್. ಎಲ್ಲರೂ ಭೇಟಿಯಾಗುವುದು ವಾಟ್ಸಾಪ್ ಗ್ರೂಪಿನಲ್ಲಿ. ಅಲ್ಲಿ ತಮ್ಮ ತಮ್ಮ ಭಾಷೆಯಲ್ಲಿ ಶುಭ ಮುಂಜಾನೆ ಹೇಳಿ, ಆಮೇಲೆ ಎಲ್ಲರೂ ಸೇರಿ ಎಮ್ಮೆಯನ್ನು ಬೈಯುತ್ತೇವೆ.

ಎಮ್ಮೆ ಶಾಂತವ್ವನದು. ಈ ಹೊಲವೂ ಅವರದೇ ಆಗಿತ್ತು. ಹೊಲ ಪ್ಲಾಟಾಗಿ ಮಾರಾಟವಾಯಿತು; ಮೂಲೆಯ ಮನೆ, ಅದಕ್ಕೆ ಹೊಂದಿದ ಕೊಟ್ಟಿಗೆ ಮಾತ್ರ ಉಳಿದವು. ಬೆಳಗಾವಿಯಿಂದ ಬಂದ ನನ್ನ ನಾದಿನಿ ಬಾಗಿಲಲ್ಲೇ ಮೂಗೆತ್ತಿ, “ಹಳ್ಳಿ ವಾತಾವರಣ ಭಾಳ ಚಲೋ ಐತಿ ವೈನಿ” ಅಂದಳು. ಸಾಲ ಮಾಡಿ ಇಟಾಲಿಯನ್ ಟೈಲ್ಸ್ ಹಾಕಿಸಿದವಳಿಗೆ ಹೇಳುವ ಮಾತೇ ಅದು? ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಹಾಗಂತ ನಾವು ಅದರ ಹಾಲು ಬಿಟ್ಟವರಲ್ಲ. ಬೈಯುವವರೆಲ್ಲ ಬೆಳಿಗ್ಗೆ ಪಾತ್ರೆ ಹಿಡಿದು ಅದೇ ಕೊಟ್ಟಿಗೆಯ ಮುಂದೆ ನಿಲ್ಲುವವರೇ. ನಾನೂ ನಿಲ್ಲುತ್ತಿದ್ದೆ, ಮೂಗಿಗೆ ಸೆರಗು ಹಿಡಿದು. ಈಚೆಗೆ ಎಮ್ಮೆ ತುಂಬಿದ ಗಬ್ಬವಾಗಿ ಹಾಲು ನಿಂತಿತು. ಹಾಲು ನಿಂತ ಕೂಡಲೇ ಎಲ್ಲರಿಗೂ ವಾಸನೆ ಹೆಚ್ಚಾಯಿತು. ಜಾಧವರ ಅಂಗಳದಲ್ಲಿ ಸಭೆ ಸೇರಿ, ಎಮ್ಮೆಯನ್ನು ಕಾಲೋನಿಯಿಂದ ಹೊರಗೆ ಕಳಿಸಬೇಕೆಂದು ಠರಾವು ಮಾಡಿದೆವು. ಹೊಲ ಹೋದ ಮೇಲೆ ಶಾಂತವ್ವನಿಗೆ ಉಳಿದದ್ದು ಅದೊಂದೇ, ಅದೂ ಹೋದರೆ ಆಕೆ ದಿನವಿಡೀ ಏನು ಮಾಡಬೇಕು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

“ಅಕ್ಕೋರ, ಹೇ ಕಾಮ ತುಮಚಂಚ್, ಇದು ನಿಮ್ಮದ ಕೆಲಸ” ಎಂದರು ಜಾಧವರು. “ನಮ್ಮ ಕನ್ನಡ ಜಗಳಾ ತಗದಂಗ ಕೇಳತೈತಿ. ನೀವ ಹೋಗಿ ಸಮಾಧಾನದಿಂದ ಹೇಳ್ರಿ.”

ಮರುದಿನ ಬೆಳಿಗ್ಗೆ ಮಾತುಗಳನ್ನು ಬಾಯಲ್ಲೇ ಜೋಡಿಸಿಕೊಳ್ಳುತ್ತ ಹೋದೆ. ಶಾಂತವ್ವ ಮೊಣಕೈವರೆಗೆ ಒದ್ದೆಯಾಗಿ ಹೊರಗೆ ಬಂದಳು.

“ಸರಿಯಾದ ಹೊತ್ತಿಗೆ ಬಂದ್ರಿ ನೋಡ್ರಿ ಅಕ್ಕೋರ. ನಸಿಕಿನ್ಯಾಗ ಈದೈತಿ. ಹೆಣ್ಣ ಕರ!”

ನಾನು ಬಾಯಿ ತೆರೆಯುವುದರೊಳಗೆ ಕೈಗೆ ತಂಬಿಗೆ ಬಂತು, ಅದರ ತುಂಬ ಹಳದಿ ಬಣ್ಣದ ಗಿಣ್ಣದ ಹಾಲು. ನಮ್ಮ ಕಡೆ ಗಿಣ್ಣವನ್ನು ಮಾರುವುದಿಲ್ಲ, ಓಣಿಗೆಲ್ಲ ಹಂಚುತ್ತಾರೆ. ಇಸಿದುಕೊಂಡವರು ಬೇಡ ಅನ್ನುವಂತಿಲ್ಲ, ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡುವಂತಿಲ್ಲ. ಹೀಗೆ ತಂಬಿಗೆ ಹಿಡಿದು ನಿಂತು ‘ನಿನ್ನ ಎಮ್ಮೆಯನ್ನು ಓಡಿಸು’ ಎನ್ನುವುದು ಹೇಗೆ? ಸಿಟ್ಟನ್ನೂ ಹಾಲನ್ನೂ ಹೊತ್ತುಕೊಂಡು ಮನೆಗೆ ಬಂದೆ.

ಹೊತ್ತೇರುವಷ್ಟರಲ್ಲಿ ಮನೆಮನೆಗೂ ಗಿಣ್ಣ ಹೋಗಿತ್ತು. ನಾನು ಬೆಲ್ಲ ಹಾಕಿದೆ. ಜಾಧವರಲ್ಲಿ ಅದು ಖರವಸವಾಗಿ, ಸಕ್ಕರೆ ಮತ್ತು ಜಾಯಿಕಾಯಿ ಹಾಕಿಸಿಕೊಂಡು ಹಬೆಯಲ್ಲಿ ಬೆಂದಿತು. ಬೇಕರಿಯವರು ಗೋಡಂಬಿ ಉದುರಿಸಿದರು. ಕೇರಳದ ನರ್ಸ್ ಚಹಾಕ್ಕೆಂದು ಒಲೆಯ ಮೇಲಿಟ್ಟಳಂತೆ; ಹಾಲು ಒಡೆದು ಗಟ್ಟಿಯಾದದ್ದು ನೋಡಿ ಹೆದರಿ, ಪಾತ್ರೆ ಸಮೇತ ನಮ್ಮ ಮನೆಗೆ ಓಡಿ ಬಂದಳು. ಅದು ಕೆಟ್ಟಿಲ್ಲ, ಗಿಣ್ಣವಾಗಿದೆ ಎಂದು ಅರ್ಥ ಮಾಡಿಸುವಷ್ಟರಲ್ಲಿ ಐನಾಪುರದವಳೂ ಬಂದಳು, ಜಾಧವರ ಸೊಸೆಯೂ ಬಂದಳು. ಸಭೆಯಲ್ಲಿ ದೂರ ದೂರ ಕೂತವರು ನನ್ನ ಅಡುಗೆಮನೆಯಲ್ಲಿ ಒಂದೇ ಪಾತ್ರೆಗೆ ಚಮಚ ಹಾಕಿದರು. ಗುರುತಿಲ್ಲದ ಬದುಕು ಎಂಬ ಲಕ್ಷಣ ಅಂದಿಗೆ ಕೆಟ್ಟಿತು.

ಸಂಜೆ ಪಾತ್ರೆಗಳು ಶಾಂತವ್ವನ ಮನೆಗೆ ತಿರುಗಿ ಹೊರಟವು. ಒಂದರಲ್ಲಿ ಸಕ್ಕರೆ, ಒಂದರಲ್ಲಿ ಖಾರಿ ಬಿಸ್ಕೀಟು, ಒಂದರಲ್ಲಿ ಒಣದ್ರಾಕ್ಷಿ, ಒಂದರಲ್ಲಿ ಬಾಳೆಕಾಯಿ ಚಿಪ್ಸು. ನಾನು ತಂಬಿಗೆಯಲ್ಲಿ ಬೆಲ್ಲದ ಹೆಂಟೆ ಇಟ್ಟುಕೊಂಡು ಕೊನೆಗೆ ಹೋದೆ.

“ಮುಂಜಾನೆ ಏನೋ ಹೇಳಾಕ ಬಂದಿದ್ರಲ್ರಿ ಅಕ್ಕೋರ?”

“ಏನಿಲ್ಲ ಶಾಂತವ್ವ... ಕಾಲೋನಿಯವ್ರು ಎಮ್ಮಿ ವಿಷಯ...” ಎಂದು ತಡವರಿಸಿದೆ.

“ಗೊತ್ತೈತ್ರಿ. ಜಾಧವರ ಸೊಸಿ ಹೇಳ್ಯಾಳ.” ಆಕೆ ಕರುವಿನ ಮೈಯನ್ನು ಹಳೆಯ ಸೀರೆಯಿಂದ ಒರೆಸುತ್ತಲೇ ಇದ್ದಳು. “ನೀವೆಲ್ಲಾ ಎಲ್ಲೆಲ್ಲಿಂದನೋ ಬಂದೀರಿ. ನಾನೂ ಕರೋಶಿಯಿಂದ ಲಗ್ನಾಗಿ ಬಂದಾಕಿ. ಎಮ್ಮೀನೂ ರಾಯಬಾಗ ಸಂತ್ಯಾಗ ತಂದದ್ದು, ಬೇಕಾದ್ರ ಹೊಳ್ಳಿ ಹೊಡಕೊಂಡು ಹೋಗ್ತೇನಿ. ನಿಮ್ಮ ಮನಿ ಕೂಸುಗೋಳು ಸೈತ ದವಾಖಾನ್ಯಾಗ ಹುಟ್ಯಾವು. ಈ ಕಾಲೋನ್ಯಾಗ ಹುಟ್ಟಿದ್ದಂದ್ರ ಇದೊಂದ ಕರ. ಇದನ್ನ ಯಾವೂರಿಗೆ ಕಳಸೂಣು, ನೀವ ಹೇಳ್ರಿ.”

ನನಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಮತ್ತಷ್ಟು ಸಿಟ್ಟು ಬಂತು. ತಂಬಿಗೆ ಕೊಟ್ಟು ಬಂದುಬಿಟ್ಟೆ. ಠರಾವಿನ ಮಾತನ್ನು ಆಮೇಲೆ ಗ್ರೂಪಿನಲ್ಲಿ ಯಾರೂ ಎತ್ತಿಲ್ಲ.

ಈಗ ನನ್ನ ಗೇಟಿಗೆ ಇಬ್ಬರು ಅಡ್ಡ ನಿಲ್ಲುತ್ತಾರೆ. ತಾಯಿ ಕನ್ನಡಿ ತಿಕ್ಕಿದರೆ ಮಗಳು ಸೀಟಿನ ಕವರು ನೆಕ್ಕುತ್ತಾಳೆ. ನನ್ನ ಸಿಟ್ಟು ಎಳ್ಳಷ್ಟೂ ಇಳಿದಿಲ್ಲ. ಆದರೆ ಹಾರ್ನ್ ಹೊಡೆಯುವುದನ್ನು ಬಿಟ್ಟಿದ್ದೇನೆ. ಊರಿನವರು ದಾರಿಯಲ್ಲಿ ನಿಂತಿರುವಾಗ ಹೊರಗಿನಿಂದ ಬಂದವಳು ಇಳಿದು, ಸ್ಕೂಟಿ ತಳ್ಳಿಕೊಂಡು, ಬದಿಗೆ ಸರಿದು ಹೋಗಬೇಕಲ್ಲ.