ಪರೀಕ್ಷೆಯ ನಡುವೆ ಇಗರ್ಜಿಯ ಗಂಟೆ

ಕ್ಲೌಡ್ ಕಂಪ್ಯೂಟಿಂಗ್ ಸರ್ಟಿಫಿಕೇಟ್ ಇಲ್ಲದವರನ್ನು ತಿಂಗಳ ಕೊನೆಗೆ ಕೆಲಸದಿಂದ ತೆಗೆಯುತ್ತೇವೆ ಎಂದು ಆಫೀಸಿನಲ್ಲಿ ಹೇಳಿದ್ದರು. ಹಾಗಾಗಿ ನಮ್ಮ ಜತೆಗೇ ಇದ್ದ ಮಾವ್ಶಿ, ಅಂದರೆ ಮಮ್ಮಿಯ ಅಕ್ಕ, ಐಸಿಯುನಲ್ಲಿದ್ದಾಗಲೂ ನಾನು ವಾಮಂಜೂರಿನ ಮನೆಯಲ್ಲಿ ಒಬ್ಬಳೇ ಅದರ ಆನ್‌ಲೈನ್ ಪರೀಕ್ಷೆಗೆ ಕೂತೆ. "ನೀನು ಪರೀಕ್ಷೆ ಬರಿ ಮಾರಾಯ್ತಿ, ಇಲ್ಲಿ ನಾನಿದ್ದೇನಲ್ಲ" ಎಂದು ಮಮ್ಮಿ ಆಸ್ಪತ್ರೆಯಿಂದ ಹೇಳಿದ್ದರು.

ನಿಯಮದಂತೆ ಫೋನನ್ನು ಆಫ್ ಮಾಡಿ ಆಚೆ ಕೋಣೆಯಲ್ಲಿಟ್ಟಿದ್ದೆ. ಎಲ್ಲೋ ದೂರದಲ್ಲಿ ಕೂತ ಮೇಲ್ವಿಚಾರಕರೊಬ್ಬರು ಕ್ಯಾಮೆರಾದಲ್ಲಿ ನನ್ನನ್ನು ನೋಡುತ್ತಿದ್ದರು. ಮಾತೆಲ್ಲ ಚಾಟ್‌ನಲ್ಲಿ.

ಒಂದು ಡೇಟಾ ಸೆಂಟರ್ ಕೆಟ್ಟುಹೋದರೂ ಕೆಲಸ ನಿಲ್ಲದಿರಲು ಎಂತ ಮಾಡಬೇಕು ಎಂಬ ಪ್ರಶ್ನೆ ಓದುತ್ತಿದ್ದಾಗ ಇಗರ್ಜಿಯ ಗಂಟೆ ನಿಧಾನಕ್ಕೆ, ಬಿಟ್ಟು ಬಿಟ್ಟು ಹೊಡೆಯತೊಡಗಿತು. ನಮ್ಮ ಚರ್ಚಿಗೆ ಸೇರಿದವರು ಯಾರಾದರೂ ತೀರಿಕೊಂಡರೆ ಮಾತ್ರ ಹಾಗೆ ಹೊಡೆಯುತ್ತಾರೆ.

"ಶಬ್ದ ಬರುತ್ತಿದೆ, ನಿಲ್ಲಿಸಿ" ಎಂದು ಚಾಟ್‌ನಲ್ಲಿ ಬಂತು.

"ಇಗರ್ಜಿಯ ಗಂಟೆ ಸರ್. ಯಾರೋ ತೀರಿಕೊಂಡಿದ್ದಾರೆ."

"ಯಾರಿಗಾದರೂ ಹೇಳಿ ನಿಲ್ಲಿಸಲು ಆಗುತ್ತದಾ?"

"ಇಲ್ಲ ಸರ್. ನನ್ನ ದೊಡ್ಡಮ್ಮ ಆಸ್ಪತ್ರೆಯಲ್ಲಿದ್ದಾರೆ. ಒಂದು ಫೋನ್ ಮಾಡಿ ಬರಲಾ?"

 ಉತ್ತರ ಬಂತು: "ಎದ್ದರೆ ಪರೀಕ್ಷೆ ರದ್ದಾಗುತ್ತದೆ. ಕ್ಷಮಿಸಿ."

ನಾನು ಏಳಲಿಲ್ಲ. ಇನ್ನೊಂದು ಕಡೆ ಡೇಟಾದ ನಕಲು ಇಟ್ಟಿರಬೇಕು ಎಂಬ ಉತ್ತರವನ್ನು ಒತ್ತಿದೆ. ಸರಿಯಿದ್ದಿರಬೇಕು, ಪಾಸಾದೆ. ಫೋನ್ ಆನ್ ಮಾಡಿದರೆ ಮಮ್ಮಿಯ ಮೆಸೇಜ್ ಇತ್ತು. ಗಂಟೆ ಹೊಡೆದದ್ದು ಮಾವ್ಶಿಗೇ.

ಸರ್ಟಿಫಿಕೇಟಿನ ಜತೆ ಒಂದು ಸಲಹೆಯೂ ಬಂದಿತ್ತು: ಮುಂದಿನ ಸಲ ಶಬ್ದವಿಲ್ಲದ ಜಾಗ ಆರಿಸಿಕೊಳ್ಳಿ. ಟಿವಿಯ ಜತೆಗೂ ಜಗಳವಾಡುತ್ತಿದ್ದ ಮಾವ್ಶಿ ಹೋದ ಮೇಲೆ ಅಂಥ ಜಾಗ ನಮ್ಮ ಮನೆಯಲ್ಲೇ ಉಂಟು.