ನಾಲ್ಕು ತೂತಿನ ಶಾಲು

ಬಾಡ ಊರಿನ ಉಮಾ ಕುಮಟೆಯಲ್ಲಿ ನೇಯ್ಗೆ ಕಲಿಸುವ ಟೀಚರ್. ಮೂಗಿನ ತುದಿಯಲ್ಲೇ ಸಿಟ್ಟಿರುವ ಹೆಂಗಸು. ಈ ಒಂದು ಸಿಟ್ಟನ್ನು ಮಾತ್ರ ಹೊಟ್ಟೆಯಲ್ಲಿಟ್ಟು ಸಾಕಿದಳು.

ಹಾಸಿಗೆ ಹಿಡಿದಿದ್ದ ಅಕ್ಕ ಗಾಯತ್ರಿಗೆ ಹೊತ್ತು ಹೋಗಲೆಂದು ಅವಳು ಮೊಬೈಲಿನಲ್ಲಿ ಪ್ರಾಚೀನ ಈಜಿಪ್ಟಿನ ಕಾಪ್ಟಿಕ್ ಬಟ್ಟೆಗಳನ್ನು ತೋರಿಸುತ್ತಿದ್ದಳು. ನಾರುಬಟ್ಟೆಯಲ್ಲಿ ಬಣ್ಣದ ಉಣ್ಣೆಯಿಂದ ನೆಯ್ದ ದುಂಡನೆಯ ಚಿತ್ರಗಳು: ಮೀನು, ಬಾತು, ದ್ರಾಕ್ಷಿ ಬಳ್ಳಿ. ಸತ್ತವರಿಗೆ ಅವನ್ನು ಉಡಿಸಿ ಹೂಳುತ್ತಿದ್ದರಂತೆ. ಎಷ್ಟೋ ಕಾಲದ ಮೇಲೆ ಗೋರಿ ಅಗೆದ ವ್ಯಾಪಾರಿಗಳು ಚಿತ್ರಗಳನ್ನಷ್ಟೇ ಕತ್ತರಿಸಿ ಮಾರಿದರಂತೆ.

“ನಂಗೂ ಹಾಂಗೇ ಒಂದು ನೆಯ್ದು ಕೊಡು. ಹೊದ್ಕಂಡು ಹೋಗ್ತೆ,” ಎಂದಳು ಗಾಯತ್ರಿ.

ಉಮಾ ಬೈದಳು, ಅತ್ತಳು, ಕೊನೆಗೆ ಮಗ್ಗಕ್ಕೆ ಕೂತಳು. ಬಾತಿನ ಜಾಗಕ್ಕೆ ಕೊಕ್ಕರೆ ಬಂತು, ಮೀನು ಬಂಗಡೆಯಾಯಿತು. ಮೂಲೆಗೊಂದರಂತೆ ನಾಲ್ಕು ಚಿತ್ರ. ಗಾಯತ್ರಿ ತೀರಿಕೊಂಡ ದಿನ, ಚಿತೆಯ ಮೇಲೆ ಹೊದಿಸೆಂದು ಅದನ್ನು ಭಾವ ಉದಯನ ಕೈಗಿತ್ತಳು. ಹೆಂಗಸರು ಮಸಣಕ್ಕೆ ಹೋಗುವ ರೂಢಿಯಿಲ್ಲ. ಅವಳು ಅಂಗಳದಲ್ಲೇ ಉಳಿದಳು.

ಮರುವರ್ಷ ಉದಯ ಹೊನ್ನಾವರದಲ್ಲಿ ಹೋಮ್‌ಸ್ಟೇ ತೆರೆದ. ಉಮಾ ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ, ಗಾಜಿನ ಹಿಂದೆ, ಅವೇ ನಾಲ್ಕು ಚಿತ್ರ. ಅವಳ ಮೈಯೆಲ್ಲ ಉರಿದುಹೋಯಿತು. ಹೆಣಕ್ಕೆ ಹೆಗಲು ಕೊಟ್ಟಿದ್ದ ಮಹಾಬಲನನ್ನು ಹೋಗಿ ಕೇಳಿದಳು.

“ಬಟ್ಟೇಲಿ ದೊಡ್ಡ ದೊಡ್ಡ ತೂತಿತ್ತು. ನೀನು ಹೇಳ್ತಿದ್ದ ಈಜಿಪ್ಟಿನ ನಮೂನೆಯೇ ಹಾಂಗೆ ಅಂದ್ಕಂಡೆ,” ಎಂದ ಅವನು.

ಉಮಾ ಉದಯನೆದುರು ಬಾಯಿ ಬಿಡಲಿಲ್ಲ. ಮತ್ತೊಂದು ಶಾಲು ನೆಯ್ದಳು. ಚಿತ್ರವಿರಬೇಕಾದಲ್ಲೆಲ್ಲ ದುಂಡಗೆ ಕತ್ತರಿಸಿ ತೆಗೆದಳು. ಕತ್ತರಿ ಆಡಿದಾಗಲೆಲ್ಲ ಅವಳಿಗೆ ಹಿತವಾಗುತ್ತಿತ್ತು.

ಹೋಮ್‌ಸ್ಟೇ ತೆರೆದನೆಂದು ಊರವರು ಉದಯನಿಗೆ ಸನ್ಮಾನ ಇಟ್ಟುಕೊಂಡಿದ್ದರು. ನಾದಿನಿಯೇ ನೆಯ್ದು ಹೊದಿಸಲಿ ಎಂದು ಅವನೇ ಹೇಳಿ ಕಳಿಸಿದ್ದ. ವೇದಿಕೆಯಲ್ಲಿ ಅವಳು ಶಾಲು ಬಿಡಿಸಿ ಹೊದಿಸಿದಾಗ ತೂತುಗಳಲ್ಲಿ ಅವನ ರೇಷ್ಮೆ ಅಂಗಿ ಇಣುಕಿತು. ಜನ ಗುಸುಗುಸು ಶುರುಮಾಡಿದರು. ಉಮಾ ಮೈಕ್ ಎಳೆದುಕೊಂಡಳು.

“ಗುರ್ತು ಸಿಕ್ತ ಭಾವ? ಅಕ್ಕನ್ನ ಹೀಂಗೇ ಕಳ್ಸಿದೆ ನೀನು. ಕತ್ತರಿಸಿದ ಚೂರು ನಿನ್ನ ಗೋಡೆ ಮೇಲೆ ತೂಗ್ತಾ ಇವೆ.”

ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಹಾಗೇ ಇಳಿದವು. ಉದಯ ಶಾಲು ಹೊದ್ದೇ ವೇದಿಕೆ ಇಳಿದ.

ಮರುದಿನ ಅವನು ಚಿತ್ರಗಳನ್ನು ಹೊತ್ತು ತಂದ, ಶಾಲನ್ನೂ ತಂದ. ಅಷ್ಟು ಚೆಂದದ್ದನ್ನು ಸುಡಲು ಮನಸ್ಸಾಗಲಿಲ್ಲ, ಕ್ಷಮಿಸು ಎಂದ. ಉಮಾ ಗಾಜು ಒಡೆದಳು. ರೂಢಿಯನ್ನು ಬದಿಗಿಟ್ಟು ಮಸಣಕ್ಕೆ ನಡೆದು, ಅಕ್ಕ ಉರಿದ ಜಾಗದಲ್ಲೇ ನಾಲ್ಕಕ್ಕೂ ಬೆಂಕಿ ಇಟ್ಟಳು. ಹಿಂದೆಯೇ ಬಂದಿದ್ದ ಉದಯ ಶಾಲನ್ನೂ ಬೆಂಕಿಗೆ ಹಾಕಲು ಹೋದ. ಉಮಾ ಅವನ ಕೈ ಹಿಡಿದಳು.

“ಅದನ್ನ ಜೋಪಾನ ಮಾಡಿಟ್ಕ. ನೀನು ಹೋಗೋ ದಿನ ನಾನೇ ಬಂದು ಹೊದಿಸ್ತೆ.”