ಪಿನ್ನು ಕಚ್ಚಿಕೊಂಡು ಆಡಿದ ಭಾಷೆ

ಮೊನ್ನೆ ಪುತ್ತೂರಿನಲ್ಲಿ ನನ್ನ ಅಕ್ಕನ ಮಗಳ ಮದುವೆ. ಹಾಲ್‌ನ ಹಿಂದಿನ ಕೋಣೆಯಲ್ಲಿ ಅವಳಿಗೆ ಸೀರೆ ಉಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕಡಬದಲ್ಲಿ ಟೈಲರ್ ಅಂಗಡಿ ಇಟ್ಟವಳು ಮನೆಯಲ್ಲೇ ಇರುವಾಗ ಹೊರಗಿನವರನ್ನು ಕರೆಯುವುದುಂಟಾ? ನೆರಿಗೆ ಹಿಡಿಯಲು ಎರಡೂ ಕೈ ಬೇಕು. ಅಭ್ಯಾಸಬಲ, ಮೂರು ಪಿನ್ನು ತುಟಿಯ ನಡುವೆ ಕಚ್ಚಿಕೊಂಡೆ. ಕಬ್ಬಿಣದ ಆ ತಣ್ಣನೆ ರುಚಿ ನಾಲಿಗೆಗೆ ತಾಗಿತು. ಅಷ್ಟರಲ್ಲಿ ಹುಡುಗಿ ಮಿಸುಕಾಡಿದಳು. ನನ್ನ ಬಾಯಿಯಿಂದ ತಾನಾಗಿಯೇ ಹೊರಟಿತು: “ತರಿ ನೆ!”

ಕೋಣೆಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. “ಎಂತ ಚಿಕ್ಕಮ್ಮ, ಅದು ಯಾವ ಭಾಷೆ?” ಎಂದಳು ಹುಡುಗಿ. ನಾನು ಪಿನ್ನು ತೆಗೆಯುವ ಮೊದಲೇ ಅವಳ ಸೋದರತ್ತೆ ತೀರ್ಪು ಕೊಟ್ಟಾಗಿತ್ತು, “ಬ್ಯಾರಿ ಭಾಷೆ ಅಲ್ವಾ ಅದು.” ಪಕ್ಕದಲ್ಲಿದ್ದ ಇನ್ನೊಬ್ಬರು ಒಪ್ಪಲಿಲ್ಲ. “ಅಲ್ಲ ಮಾರಾಯ್ರೆ, ಕಾಸರಗೋಡಿಂದ ಆಚೆಯ ಮಲಯಾಳ. ನಂಗೆ ಸುಮಾರು ಅರ್ಥ ಆಗ್ತದೆ.” ನಮ್ಮ ಕಡೆಯವರ ದೊಡ್ಡಸ್ತಿಕೆ ಅದು... ಯಾವ ಭಾಷೆಯನ್ನೂ ಗೊತ್ತಿಲ್ಲ ಎಂದು ಬಿಟ್ಟುಕೊಡುವವರಲ್ಲ. ನಾನು ನಕ್ಕು ನೆರಿಗೆಗೆ ಪಿನ್ನು ಚುಚ್ಚಿದೆ. “ತರಿ ನೆ” ಅಂದರೆ “ನೀನು ಸುಮ್ಮನೆ ನಿಲ್ಲು” ಎಂದು. ಆ ಭಾಷೆ ಇಡೀ ಲೋಕದಲ್ಲಿ ಬರುವುದು ಇಬ್ಬರಿಗೆ ಮಾತ್ರ ಎಂದು ನಾವು ಒಂದು ಕಾಲದಲ್ಲಿ ತಿಳಿದುಕೊಂಡಿದ್ದೆವು. ಒಬ್ಬಳು ನಾನು. ಇನ್ನೊಬ್ಬರು ನೆಟ್ಟಣದ ಟೈಲರಕ್ಕ.

ಊರಿಡೀ ಅವರನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರು ಹೊಲಿಗೆ ಮಿಷನು ಒಂದನ್ನು ಮಾತ್ರ ಹಿಡಿದುಕೊಂಡು ಅಣ್ಣನ ಮನೆಗೆ ಬಂದವರು. ಅಣ್ಣ ಮದುವೆಯಾಗದ ಮನುಷ್ಯ, ರೈಲಿನಿಂದ ಇಳಿದ ಯಾತ್ರಿಕರನ್ನು ಸ್ಟೇಷನ್‌ನಿಂದ ಸುಬ್ರಹ್ಮಣ್ಯಕ್ಕೆ ಬಿಡುವ ಜೀಪು ಓಡಿಸುತ್ತಿದ್ದರು. ಅವರಿಗೆ ಜೀಪಣ್ಣ ಎಂದೇ ಹೆಸರು. ಮನೆಯ ಜಗಲಿಯ ಒಂದು ತುದಿಯಲ್ಲಿ ಟೈಲರಕ್ಕನ ಮಿಷನು, ಇನ್ನೊಂದು ತುದಿಯಲ್ಲಿ ಜೀಪಣ್ಣನ ಕುರ್ಚಿ. ಒಂದು ರೈಲಿನಿಂದ ಇನ್ನೊಂದು ರೈಲಿನವರೆಗೆ ಅವರು ಅಲ್ಲಿ ಪೇಪರು ಹರಡಿಕೊಂಡು ಕೂತಿರುತ್ತಿದ್ದರು. ನಾನು ಸುಳ್ಯ ಕಡೆಯ, ಅರೆಭಾಷೆ ಮನೆಮಾತಿನವಳು. ಪಿಯುಸಿಯಲ್ಲಿ ಡುಮ್ಕಿ ಹೊಡೆದು, ನೆಟ್ಟಣದ ಅಜ್ಜಿಮನೆಯಲ್ಲಿದ್ದುಕೊಂಡು ಹೊಲಿಗೆ ಕಲಿಯಲು ಆ ಜಗಲಿ ಹತ್ತಿದವಳು. ಈಗ ಹದಿನೆಂಟು ವರ್ಷವಾಯಿತು.

ಟೈಲರಕ್ಕ ಮಾತಿನಮಲ್ಲಿ. ಆದರೆ ಕೆಲಸ ಮಾಡುವಷ್ಟು ಹೊತ್ತೂ ಬಾಯಲ್ಲಿ ನಾಲ್ಕೈದು ಗುಂಡುಪಿನ್ನು. “ಪಿನ್ನು ಇರುವಾಗ ಮಾತಾಡದೆ ಇರ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ತಿ, ಒಂದಿನ ನುಂಗಿಯೇ ಹೋಗುದು ನಾನು” ಎನ್ನುತ್ತಿದ್ದರು. ತುಟಿ ಅಲುಗಿದರೆ ಪಿನ್ನು ಬೀಳುತ್ತದೆ. ಹಾಗಾಗಿ ತುಟಿ ಬೇಕಾದ ಅಕ್ಷರಗಳನ್ನೆಲ್ಲ ಅವರು ಕಿತ್ತು ಹಾಕಿದರು. ಪ ಇಲ್ಲ, ಬ ಇಲ್ಲ, ಮ ಇಲ್ಲ, ವ ಇಲ್ಲ. ತುಟಿ ಉರುಟಾಗಬಾರದು, ಆದ್ದರಿಂದ ಉ ಮತ್ತು ಒ ಕೂಡ ಹೋದವು. ಉಳಿದದ್ದು ನಾಲಿಗೆ, ಹಲ್ಲು, ಗಂಟಲಿನವು ಮಾತ್ರ. ಅಷ್ಟರಲ್ಲೇ ನಾವು ಸಂಸಾರ ನಡೆಸಿದೆವು. ಕತ್ತರಿಗೆ ಕಿಚೆ. ಮಿಷನಿಗೆ ಟಕ. ಜೀಪಿನ ಬಾಲ ಕತ್ತರಿಸಿ ಬರೀ ಜೀ. ಹೋಗುವುದಕ್ಕೆ ಜಿಲ ಎಂದು ನಾನು ಮಾಡಿದ್ದು, ಅದರ ಬಗ್ಗೆ ಈಗಲೂ ನನಗೆ ಹೆಮ್ಮೆ ಉಂಟು.

ವ್ಯಾಕರಣವೂ ಟೈಲರ್ ಅಂಗಡಿಯದ್ದೇ. ನಿನ್ನೆ, ಇವತ್ತು, ನಾಳೆ ಎಂಬ ಕಾಲಗಳು ಅಕ್ಕನಿಗೆ ರುಚಿಸಲಿಲ್ಲ. ಬಟ್ಟೆಗೆ ಇರುವುದು ಮೂರೇ ಅವಸ್ಥೆ ಎಂದರು. ಕತ್ತರಿ ಮುಟ್ಟದ ಬಟ್ಟೆ, ಕಚ್ಚಾ ಹೊಲಿಗೆ ಹಾಕಿದ ಬಟ್ಟೆ, ಕತ್ತರಿ ಬಿದ್ದ ಬಟ್ಟೆ. ಯೋಚನೆಗೂ ಬಾರದ್ದನ್ನು ಹೇಳುವಾಗ ಶಬ್ದದ ಕೊನೆಗೆ ಸ. ಆಗಲೂಬಹುದು, ಬಿಚ್ಚಿ ತೆಗೆಯಲೂಬಹುದು ಎಂಬುದಕ್ಕೆ ನ. ಕತ್ತರಿ ಬಿದ್ದಾಯಿತು, ಇನ್ನು ಹಿಂದೆ ಹೋಗಲಿಕ್ಕಿಲ್ಲ ಎಂಬುದಕ್ಕೆ ಕ. ಜಿಲಸ, ಜಿಲನ, ಜಿಲಕ. “ಇಲ್ಲ” ಎನ್ನಲು ಶಬ್ದವೇ ಇರಲಿಲ್ಲ. ಟೈಲರ್‌ಗಳು ಯಾವಾಗಲಾದರೂ ಗಿರಾಕಿಗೆ ಇಲ್ಲ ಎಂದದ್ದುಂಟಾ? ನೀನು, ನೀವು ಎಂಬ ಭೇದವೂ ಇಲ್ಲ, ಎಲ್ಲರೂ ನೆ. ಅಷ್ಟು ದೊಡ್ಡವರನ್ನು ನೆ ಎನ್ನಲು ಮೊದಲ ವಾರ ನನಗೆ ಬಾಯಿಯೇ ಬರಲಿಲ್ಲ. ಆಮೇಲೆ ಎಷ್ಟು ಸಲೀಸಾಯಿತೆಂದರೆ, ಅಕ್ಕನ ಜೊತೆ ಕನ್ನಡದಲ್ಲಿ ಮಾತಾಡುವಾಗಲೇ ಯಾರೋ ಹೊರಗಿನವರ ಜೊತೆ ಮಾತಾಡಿದಂತಾಗುತ್ತಿತ್ತು.

ಆಟದಂತೆ ಶುರುವಾದದ್ದು ಬೇಗ ಅಗತ್ಯವಾಯಿತು. ಅಕ್ಕನಿಗೆ ಒಂದೇ ಒಂದು ಆಸೆ ಇತ್ತು. ಸುಳ್ಯ ಪೇಟೆಯಲ್ಲಿ ತನ್ನದೇ ಒಂದು ಕೋಣೆ, ಅದರ ಮೇಲೆ ತನ್ನ ಹೆಸರಿನ ಬೋರ್ಡು. ಒಂದು ಸಲ ಧೈರ್ಯ ಮಾಡಿ ಅಣ್ಣನ ಹತ್ತಿರ ಕನ್ನಡದಲ್ಲೇ ಕೇಳಿದ್ದರು. ಅವರು ಪೇಪರಿನಿಂದ ತಲೆ ಎತ್ತದೆ, “ನಮ್ಮ ಮನೆಯ ಹೆಂಗಸು ಪೇಟೆಯಲ್ಲಿ ಬೋರ್ಡು ಹಾಕಿ ಕೂರುದು ಬೇಡ. ಜಗಲಿ ಸಾಲುದಿಲ್ವಾ?” ಎಂದಿದ್ದರು. ಅಲ್ಲಿಗೆ ಮುಗಿಯಿತು. ಅಣ್ಣನ ಮಾತಿಗೆ ಎದುರಾಡಿ ಅಕ್ಕನಿಗೆ ಗೊತ್ತಿರಲಿಲ್ಲ.

ಆದರೆ ಆಸೆ ಮುಗಿಯಬೇಕಲ್ಲ! ನಾವು ಅದರ ಬಗ್ಗೆ ದಿನಾ ಮಾತಾಡಬೇಕಿತ್ತು. ಮಾತಾಡುವುದಾದರೂ ಯಾವುದರಲ್ಲಿ? ತುಳು ಅವರ ಮನೆಮಾತು. ಅರೆಭಾಷೆ ಜೀಪಣ್ಣನಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಮಲಯಾಳ, ತೆಲುಗು, ತಮಿಳು, ಹಿಂದಿ ಎಲ್ಲ ಅವರ ಜೀಪಿನ ಭಾಷೆಗಳು. ನಮ್ಮ ಊರಲ್ಲಿ ಗುಟ್ಟು ಹೇಳಲಿಕ್ಕೆ ಭಾಷೆಗಳೇ ಬಾಕಿ ಇಲ್ಲ. ಬಾಕಿ ಇದ್ದದ್ದು ನಮ್ಮ ಪಿನ್ನಿನ ಭಾಷೆ ಒಂದೇ. ಹೀಗಾಗಿ ಅವರಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತು, ಅವರು ಬೇಡ ಎಂದದ್ದನ್ನೇ ನಾವು ಎರಡು ವರ್ಷ ಗಟ್ಟಿಯಾಗಿ ಮಾತಾಡಿದೆವು. ಕೋಣೆಗೆ ಕಿಟಕಿ ಎಲ್ಲಿರಬೇಕು, ಬೋರ್ಡಿಗೆ ಯಾವ ಬಣ್ಣ, ಕನ್ನಡಿ ಎಷ್ಟು ಉದ್ದ... ಅಕ್ಕ ಪ್ರತಿ ಸಲವೂ ಜಿಲನ ಎನ್ನುತ್ತಿದ್ದರು. ಹೋದರೂ ಹೋಗಬಹುದು ಎಂದು.

ಜೀಪಣ್ಣನಿಗೆ ಹೆಸರಿಟ್ಟವಳು ನಾನು. ಜೀಪಣ್ಣ ಎನ್ನಲು ತುಟಿ ಬೇಕಲ್ಲ, ಹಾಗಾಗಿ ಡಣಕಿಚೆ ಎಂದೆ. ಅಂದರೆ ಮೊಂಡು ಕತ್ತರಿ. ಕತ್ತರಿಸುವುದೂ ಇಲ್ಲ, ಕಚ್ಚಿದ ಬಟ್ಟೆಯನ್ನು ಬಿಡುವುದೂ ಇಲ್ಲ. ಅಕ್ಕ ಮೊದಲು ಗದರಿದರು, ಆಮೇಲೆ ಪಿನ್ನು ಬೀಳುವಷ್ಟು ನಕ್ಕರು. ನನಗೆ ಅಷ್ಟೇ ಸಾಕು. ಇಪ್ಪತ್ತರ ಕೊಬ್ಬು ನೋಡಿ! ಡಣಕಿಚೆ ಇವತ್ತು ಮುಖ ಗಂಟು ಹಾಕಿದೆ, ಡಣಕಿಚೆ ಓದಿದ ಪೇಪರನ್ನೇ ಮತ್ತೆ ಓದುತ್ತಿದೆ ಎಂದು ಅವರ ಎದುರಲ್ಲೇ ಬಾಯಿಗೆ ಬಂದಂತೆ ಹೇಳುತ್ತಿದ್ದೆ. ಅವರು ಪುಟ ಮಗುಚುತ್ತಿದ್ದರು, ಅಷ್ಟೆ.

ಒಂದು ಗುರುವಾರ ಅಕ್ಕ ನೂಲು, ಅಂಗಿಯ ಗುಂಡಿ ತರುವ ನೆಪದಲ್ಲಿ ಸುಳ್ಯಕ್ಕೆ ಹೋಗಿ ಬಂದರು. ಬಂದವರೇ ಒಂದು ರವಿಕೆಗೆ ಲೈನಿಂಗ್ ಕೂಡಿಸಲು ಕೂತರು. ಪಿನ್ನು ಕಚ್ಚಿಕೊಂಡು ನನ್ನ ಮುಖ ನೋಡಿ ಹೇಳಿದರು: “ಜಿಲಕ.”

ಸುಳ್ಯದಲ್ಲಿ ಗಿರಾಕಿ ಟೀಚರೊಬ್ಬರ ಮನೆಯ ಮುಂದಿನ ಕೋಣೆ ಬಾಡಿಗೆಗೆ ನಿಶ್ಚಯವಾಗಿತ್ತು. ಬರುವ ಸೋಮವಾರ, ಬೆಳಗ್ಗಿನ ರೈಲಿಗೆಂದು ಅಣ್ಣ ಸ್ಟೇಷನ್ನಿಗೆ ಹೋದ ಮೇಲೆ ಹೊರಡುವುದು. ತೊಂದರೆ ಮಿಷನಿನದ್ದು. ಕಾಲಲ್ಲಿ ತುಳಿಯುವ ಹಳೆಯ ಭಾರದ ಮಿಷನು, ಹೊತ್ತುಕೊಂಡು ಬಸ್ಸು ಹತ್ತಲು ಆಗುತ್ತದಾ? ಒಂದು ರಿಕ್ಷಾದಲ್ಲಿ ಹೇಗಾದರೂ ತುರುಕುವುದು ಎಂದು ತೀರ್ಮಾನವಾಯಿತು. ಇದೆಲ್ಲವೂ ನಡೆದದ್ದು ಜಗಲಿಯಲ್ಲೇ, ಡಣಕಿಚೆಯ ಸಮಕ್ಷಮದಲ್ಲೇ. ಆಗಾಗ ಅಕ್ಕನ ಕಣ್ಣು ಅಣ್ಣನ ಕಡೆ ಹೋಗುತ್ತಿತ್ತು. ಗೊತ್ತಾದರೆ ಈ ಕೋಣೆಯೂ ಹೋಯಿತು, ಈ ಮನೆಯೂ ಹೋಯಿತು ಎಂಬ ಹೆದರಿಕೆ ಅವರಿಗೆ.

ಸೋಮವಾರ ನಾನು ಹೋಗುವಾಗ ಅಕ್ಕ ಗಂಟುಮೂಟೆ ಕಟ್ಟಿ ಒಳಕೋಣೆಯಲ್ಲಿ ಇಟ್ಟಿದ್ದರು. ಬೆಳಗ್ಗಿನ ರೈಲು ಕೂಗಿತು. ಜೀಪು ಸ್ಟಾರ್ಟ್ ಆದ ಸದ್ದು ಕೇಳಿತು. ಇನ್ನೇನು ರಿಕ್ಷಾದವನಿಗೆ ಫೋನು ಮಾಡಬೇಕು, ಅಷ್ಟರಲ್ಲಿ ನೋಡಿದರೆ ಜೀಪು ಸ್ಟೇಷನ್ ಕಡೆ ಹೋಗುವ ಬದಲು ರಿವರ್ಸ್ ಬಂದು, ಹಿಂಬದಿಯನ್ನು ಜಗಲಿಯ ಮೆಟ್ಟಿಲಿಗೆ ತಾಗಿಸಿ ನಿಂತಿತು. ಹಿಂದಿನ ಸೀಟು ಬಿಚ್ಚಿ ತೆಗೆದಾಗಿತ್ತು. ಖಾಲಿ ಜಾಗದಲ್ಲಿ ಎರಡು ಗೋಣಿಚೀಲ ಹಾಸಿ, ಹಗ್ಗದ ಸುರುಳಿಯನ್ನೂ ಇಟ್ಟಿದ್ದರು.

ಜೀಪಣ್ಣ ಇಳಿದು ಬಂದರು. ನಮ್ಮಿಬ್ಬರ ಎದುರು ನಿಂತು, ಪಿನ್ನು ಇಲ್ಲದಿದ್ದರೂ ಇರುವವರಂತೆ ತುಟಿ ಬಿಗಿದುಕೊಂಡು, ಹಲ್ಲಿನ ಎಡೆಯಿಂದ ಒಂದೊಂದೇ ಅಕ್ಷರ ಹೊರಗೆ ಬಿಟ್ಟರು:

“ಡಣಕಿಚೆ ಜೀ ತೆರಕ.”

ಮೊಂಡು ಕತ್ತರಿ ಜೀಪು ತಂದಾಯಿತು!

ಅಯ್ಯೋ ದೇವರೇ! ಭೂಮಿ ಬಾಯಿ ಬಿಟ್ಟಿದ್ದರೆ ನಾನು ಆಗಲೇ ಒಳಗೆ ಹೋಗುತ್ತಿದ್ದೆ. ಎರಡು ವರ್ಷ ನಾನು ಹೇಳಿದ ಒಂದೊಂದು ಮಾತೂ ನೆನಪಾಯಿತು. ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತರು. ಸಣ್ಣ ದನಿಯಲ್ಲಿ, “ನಿಂಗೆ ಯಾವಾಗಿಂದ ಗೊತ್ತುಂಟು?” ಎಂದರು.

“ಮೊದಲ ಮಳೆಗಾಲದಿಂದ. ಊರೂರಿನ ಭಾಷೆಯವರನ್ನು ಜೀಪಲ್ಲಿ ಹಾಕಿಕೊಂಡು ಹೋಗುವವ ನಾನು. ದಿನಾ ಕಿವಿಗೆ ಬಿದ್ದದ್ದು ಬಾರದೆ ಇರ್ಲಿಕ್ಕೆ ನಾನೆಂತ ಕಲ್ಲಾ?” ಎಂದರು ಜೀಪಣ್ಣ. ಮಿಷನಿನ ಒಂದು ಬದಿ ಹಿಡಿದು, ಇನ್ನೊಂದು ಬದಿ ಹಿಡಿಯಲು ನನಗೆ ಸನ್ನೆ ಮಾಡಿದರು. ಅಕ್ಕ ಬಿಡಲಿಲ್ಲ. “ಮತ್ತೆ ಯಾಕೆ ತಡಿಲಿಲ್ಲ ನೀನು?”

ಅವರು ಬಗ್ಗಿದಲ್ಲಿಂದಲೇ ಹೇಳಿದರು. “ಕನ್ನಡದಲ್ಲಿ ನೀನು ಒಂದೇ ಸಲ ಕೇಳಿದ್ದು. ನಾನು ಬೇಡ ಅಂತ ಹೇಳಿ ಮರ್ತಿದ್ದೆ. ಇದರಲ್ಲಿ ದಿನಾ ಕೇಳ್ತಿದ್ದಿ... ಎರಡು ವರ್ಷ.” ಮತ್ತೆ ಮುಖ ತಿರುಗಿಸಿದರು. “ಹಿಡಿ ಹಿಡಿ. ರಿಕ್ಷಾದಲ್ಲಿ ಹೋದ್ರೆ ಮಿಷನಿನ ಕಾಲು ಮುರಿತಿತ್ತು.”

ಗುಟ್ಟಿನ ಭಾಷೆ ಮಾಡಲು ನಾವು ಬೇರೆ ಯಾವ ಸೀಮೆಯಲ್ಲಾದರೂ ಕೂತಿದ್ದರೆ ಗೆಲ್ಲುತ್ತಿದ್ದೆವೋ ಏನೋ. ಭಾಷೆ ಕಿವಿಗೆ ಬಿದ್ದರೆ ಕಲಿಯದೆ ಬಿಡದ ಜನರ ನಡುವೆ ಕೂತು ಮಾಡಿದ್ದು ನಮ್ಮ ಪೆದ್ದುತನ. ಆ ಪೆದ್ದುತನದಿಂದಲೇ ಅಕ್ಕನಿಗೆ ಸುಳ್ಯದ ಕೋಣೆ ಸಿಕ್ಕಿತು, ಹಸಿರು ಬೋರ್ಡು ಸಿಕ್ಕಿತು. ನಾನೂ ಆರು ವರ್ಷ ಅಲ್ಲಿ ಅವರ ಜೊತೆ ಹೊಲಿದೆ, ಆಮೇಲೆ ಕಡಬದಲ್ಲಿ ನನ್ನದೇ ಬೋರ್ಡು ಹಾಕಿದೆ. ಜೀಪಣ್ಣ ತಿಂಗಳಿಗೊಮ್ಮೆ ಸುಳ್ಯಕ್ಕೆ ಬಂದು, ಕೋಣೆಯ ಮೂಲೆಯಲ್ಲಿ ಕೂತು ಪೇಪರು ಓದಿ ಹೋಗುತ್ತಿದ್ದರು. ಅವರೆದುರು ಆ ಭಾಷೆಯಲ್ಲಿ ಬಾಯಿ ಬಿಡಲು ನನಗೆ ಧೈರ್ಯವಾಗಲಿಲ್ಲ. ತಪ್ಪಾಯಿತು ಎಂದು ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ವರ್ಷಗಳು ಹೋದವು. ಕಳೆದ ವರ್ಷ ಮಳೆಗಾಲ ಮುಗಿಯುವಾಗ ಅಕ್ಕ ಹೋಗಿಬಿಟ್ಟರು. ಜ್ವರ ಎಂದು ಮಲಗಿದವರು, ನಾಲ್ಕೇ ದಿನ...

ಮದುವೆಯ ಮರುದಿನ ನಾನು ಕಡಬಕ್ಕೆ ಹೋಗದೆ ನೆಟ್ಟಣದ ಬಸ್ಸು ಹತ್ತಿದೆ. ಜಗಲಿಯಲ್ಲಿ ಅದೇ ಕುರ್ಚಿ, ಅದೇ ಪೇಪರು. ನಾನು ಎದುರು ಹೋಗಿ ನಿಂತು, ಇಷ್ಟು ವರ್ಷ ಕಟ್ಟಿಟ್ಟದ್ದನ್ನೆಲ್ಲ ನಮ್ಮ ಭಾಷೆಯಲ್ಲೇ ಒಂದೇ ಉಸಿರಿಗೆ ಹೇಳಿದೆ. ಜೀಪಣ್ಣ ನನ್ನ ಬಾಯಿಯನ್ನೇ ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ.

“ಅವಳು ಹೋದ ಮೇಲೆ ಕಿವಿ ಪೂರ್ತಿ ಹೋಗಿದೆ ಮಾರಾಯ್ತಿ. ತುಟಿ ನೋಡಿದ್ರೆ ಕನ್ನಡ, ತುಳು ಎಲ್ಲ ಗೊತ್ತಾಗ್ತದೆ. ಬಾಯಿ ಬಿಟ್ಟು ಹೇಳು.”

ತುಟಿ ಅಲುಗಬಾರದು ಎಂದು ನಾವು ಅಕ್ಷರ ಅಕ್ಷರ ಹುಡುಕಿ ಕಟ್ಟಿದ ಭಾಷೆ ಅದು. ಅದರಲ್ಲಿ ನಾನು ಇನ್ನು ಏನು ಹೇಳಿದರೂ ಅವರಿಗೆ ತಲುಪುವುದಿಲ್ಲ. ಕೊನೆಗೆ ಕನ್ನಡದಲ್ಲೇ, ತುಟಿಯನ್ನು ದೊಡ್ಡದಾಗಿ ಅಲುಗಿಸಿ ಹೇಳಿದೆ, “ನಿಮ್ಮನ್ನು ಮೊಂಡು ಕತ್ತರಿ ಅಂತ ಕರಿತಿದ್ದದ್ದು ನಾನು. ಅಕ್ಕ ಅಲ್ಲ. ತಪ್ಪಾಯ್ತು ಜೀಪಣ್ಣ.”

“ಅದು ನೀನೇ ಅಂತ ಗೊತ್ತುಂಟು,” ಎಂದು ಅವರು ಜೋರಾಗಿ ನಕ್ಕರು. “ಅವಳು ನಗುದು ಕೇಳ್ಬೇಕು ಅಂತ ನಾನು ಬೇಕಂತಲೇ ಓದಿದ ಪೇಪರನ್ನೇ ಮತ್ತೆ ಮಗುಚುತ್ತಿದ್ದೆ.”

ಆಮೇಲೆ ಅವರು ತುಟಿ ಬಿಗಿದುಕೊಂಡು ಪಿನ್ನಿನ ಭಾಷೆಯಲ್ಲಿ ಮಾತಾಡಲು ತೊಡಗಿದರು. ನಾನು ಹಿಂದಿನಿಂದ ಬಸ್ಸಿನಲ್ಲಿ ಹೋದ ಆ ದಿನ ಅಕ್ಕ ಜೀಪಿನಲ್ಲಿ ಸುಳ್ಯದವರೆಗೂ ಮಿಷನನ್ನು ತಬ್ಬಿ ಕೂತದ್ದು, ಬೋರ್ಡು ನೋಡಿ ಅತ್ತದ್ದು... ನನಗೆ ಗೊತ್ತಿಲ್ಲದ ಎಷ್ಟೋ ಇತ್ತು. ನಡುನಡುವೆ ಶಬ್ದ ತಪ್ಪುತ್ತಿದ್ದರು, ತಿದ್ದಲು ನನಗೆ ದಾರಿ ಇರಲಿಲ್ಲ. ತಲೆ ಅಲ್ಲಾಡಿಸುತ್ತಾ ಕೇಳಿದೆ. ಬಸ್ಸಿನ ಹಾರ್ನ್ ಕೇಳಿ ಎದ್ದೆ. ನಾನು ಎದ್ದದ್ದನ್ನು ಕಂಡು, ಇನ್ನೊಮ್ಮೆ ಬರುತ್ತೀಯಾ ಎಂದು ಅದೇ ಭಾಷೆಯಲ್ಲಿ ಕೇಳಿದರು. ಖಂಡಿತ ಬರುತ್ತೇನೆ, ಕತ್ತರಿ ಬಿದ್ದಾಯಿತು ಎನ್ನಲು ನಾನು ಎರಡು ಬೆರಳು ಎತ್ತಿ, ಕತ್ತರಿಯಂತೆ ಒಮ್ಮೆ ಗಟ್ಟಿಯಾಗಿ ಕತ್ತರಿಸಿ ತೋರಿಸಿದೆ. ಅವರಿಗೆ ಅರ್ಥವಾಯಿತು. ಅವರೂ ಬೆರಳೆತ್ತಿ ಕತ್ತರಿಸಿದರು.

ಬಸ್ಸಿನಲ್ಲಿ ಕೂತ ಮೇಲೆ ಮೊದಲು ಹೊಳೆದದ್ದು ಇದೇ: ಬೆರಳಿನ ಈ ಹೊಸ ಶಬ್ದವನ್ನು ಟೈಲರಕ್ಕನಿಗೆ ಹೇಳಬೇಕು. ಕಡಬ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.